ಪುಟ್ಟ ರೈಲಿಗೆ ಶಾರ್ಟ್ ಆದಾಗ: ಫ್ಯೂಸ್, ಬಲ್ಬ್, ಪಾಲಿಫ್ಯೂಸ್, ಬ್ರೇಕರ್ – ಯಾವುದು ಎಲ್ಲಿಗೆ?

"ಮನೆಗೆ ಎಂಸಿಬಿ ಇದೆ, ಇಎಲ್‌ಸಿಬಿ ಇದೆ. ಆಟಿಕೆ ರೈಲಿಗೆ ಮತ್ತೇನು ಬೇಕು ಮಾಷ್ಟ್ರೇ?" ಮಾದರಿ ರೈಲು ಹೊಸದಾಗಿ ಶುರುಮಾಡಿದವರು ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಹಳಿಯ ಮೇಲಿರುವುದು ಸುಮಾರು 14 ವೋಲ್ಟ್. ಶಾರ್ಟ್ ಆಗಿ 5 ಆಂಪಿಯರ್ ಹರಿಯಿತು ಎಂದುಕೊಳ್ಳಿ. ಅಂದರೆ 70 ವ್ಯಾಟ್. ಗೋಡೆಯ 230 ವೋಲ್ಟಿನ ಕಡೆಯಿಂದ ನೋಡಿದರೆ ಅದು ಅರ್ಧ ಆಂಪಿಯರ್ ಕೂಡ ಅಲ್ಲ. 6 ಆಂಪಿಯರಿನ ಎಂಸಿಬಿಗೆ ಅದೊಂದು ಬಲ್ಬ್ ಉರಿದಷ್ಟೇ. ಇನ್ನು ಇಎಲ್‌ಸಿಬಿ ನೋಡುವುದು ಕರೆಂಟು ಅರ್ಥಿಗೆ ಸೋರುತ್ತಿದೆಯಾ ಎಂದು ಮಾತ್ರ. ಮೇಜಿನ ಮೇಲೆ ಲೋಕೋದ (ಎಂಜಿನ್ನಿನ) ಡಿಕೋಡರ್, ಅಂದರೆ ಅದರೊಳಗಿನ ಪುಟ್ಟ ನಿಯಂತ್ರಣ ಬೋರ್ಡ್, ಹೊಗೆಯಾಡಿದರೂ ಇವೆರಡೂ ಸುಮ್ನೆ ಕೂತಿರುತ್ತವೆ.

ಹಾಗಾಗಿ ಕಾವಲು ಹಳಿಯ ಕಡೆಯೇ ಬೇಕು. ಅದಕ್ಕೆ ಐದಾರು ದಾರಿಗಳಿವೆ, ಬೆಲೆಯೂ ಗುಣವೂ ಬೇರೆ ಬೇರೆ. ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮಂಥವರಿಗೆ ಇನ್ನೊಂದು ಸಮಸ್ಯೆ: ಮಾದರಿ ರೈಲಿನ ಸಾಮಾನು ಇಲ್ಲಿ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತರುವಂಥದ್ದಲ್ಲ. ಹೊರದೇಶದಿಂದ ತರಿಸಬೇಕು, ಕಸ್ಟಮ್ಸ್ ಕಟ್ಟಬೇಕು. ಸುಟ್ಟುಹೋದರೆ ಮತ್ತೆ ಅದೇ ಪಾಡು. ಆದ್ದರಿಂದ ಪೇಟೆಯಲ್ಲಿ ಸಿಗುವ ಸಾಮಾನಿನಲ್ಲಿ ಎಷ್ಟು ಆಗುತ್ತದೆ, ಎಲ್ಲಿ ದುಡ್ಡು ಬಿಚ್ಚಲೇಬೇಕು ಎನ್ನುವುದನ್ನು ಬೇರೆ ಮಾಡಿಕೊಳ್ಳೋಣ.

ಶಾರ್ಟ್ ಬರುವುದು ಎಲ್ಲಿಂದ

ಬಹುಪಾಲು ಶಾರ್ಟುಗಳಿಗೆ ಕಾರಣ ಪಾಯಿಂಟ್. ಹಳಿ ಕವಲೊಡೆಯುವ ಜಾಗ. ಪಾಯಿಂಟ್ ತಿರುಗಿಸದೆ ಲೋಕೋ ಬಿಟ್ಟಿರಿ, ಅದು ಎದುರು ದಿಕ್ಕಿನಿಂದ ಬಂದು ಲೋಹದ ಫ್ರಾಗ್ (ಕವಲಿನ ಹಳಿಗಳು ಒಂದನ್ನೊಂದು ಕೂಡುವ ತುಂಡು) ಮೇಲೆ ಹತ್ತಿತು, ಎರಡು ಹಳಿಗಳೂ ಚಕ್ರದ ಮೂಲಕ ಕೂಡಿದವು. ಅಷ್ಟೇ. ಬೋಗಿ ಹಳಿ ತಪ್ಪಿ ಅಡ್ಡ ಬೀಳುವುದು ಎರಡನೆಯದು. ರಿವರ್ಸಿಂಗ್ ಲೂಪ್ ಮೂರನೆಯದು. ಹಳಿ ಸುತ್ತಿ ಬಂದು ತನ್ನನ್ನೇ ಸೇರುವಾಗ ಎಡಹಳಿ ಬಲಹಳಿಗೆ ಮುಟ್ಟುತ್ತದೆ.

ನಮ್ಮೂರಿಗೇ ವಿಶೇಷವಾದ ಕೆಲವು ಇವೆ. ಹಂಚಿನ ಮನೆಯ ಅಟ್ಟದಲ್ಲಿ ಲೇಔಟ್ (ಹಲಗೆಯ ಮೇಲೆ ಹಳಿ ಹಾಸಿದ ಇಡೀ ಮಾದರಿ) ಕಟ್ಟಿದವರಿಗೆ ಗೊತ್ತು, ಮಳೆಗಾಲದಲ್ಲಿ ಪ್ಲೈವುಡ್ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಕರೆಂಟು ಬೇರೆ ಮಾಡಲು ಹಳಿ ಕೊಯ್ದು ಬಿಟ್ಟ ಸಂದು ಅದರ ಜೊತೆಗೆ ಮುಚ್ಚಿಕೊಳ್ಳುತ್ತದೆ. ಜನವರಿಯಲ್ಲಿ ಸರಿಯಿದ್ದ ಲೇಔಟ್ ಏಪ್ರಿಲಿನಲ್ಲಿ ಸುಮ್ನೆ ಟ್ರಿಪ್ ಆಗುತ್ತಿದ್ದರೆ ಮೊದಲು ಆ ಸಂದುಗಳನ್ನು ನೋಡಿ. ಸಂದು ಕೊಯ್ದ ದಿನವೇ ಅದಕ್ಕೆ ಪ್ಲಾಸ್ಟಿಕ್ ಚೂರು ತೂರಿಸಿ ಅಂಟು ಹಾಕಿದರೆ ಈ ರಗಳೆ ಇಲ್ಲ. ಕಡಲು ಹತ್ತಿರವಿರುವ ಕಡೆ ಉಪ್ಪುಗಾಳಿಗೆ ಹಳಿ ಜೋಡಿಸುವ ಜಾಯಿನರುಗಳು ಕಿಲುಬುಗಟ್ಟುತ್ತವೆ. ಅದು ಶಾರ್ಟ್ ಮಾಡುವುದಿಲ್ಲ, ಆದರೆ ಶಾರ್ಟ್ ಆದಾಗ ಕಾವಲುಗಾರನಿಗೆ ತಿಳಿಯದಂತೆ ಮಾಡುತ್ತದೆ. ಅದು ಇನ್ನೂ ಕೆಟ್ಟದ್ದು. ಹಲ್ಲಿಯ ವಿಷಯ ಹೇಳಬೇಕಾಗಿಲ್ಲ, ಅಲ್ವಾ? ಸರ್ಕಿಟ್ ಬೋರ್ಡನ್ನು ಬಿಚ್ಚಿಟ್ಟು ಹೋಗಬೇಡಿ.

ಖರೀದಿಗೆ ಮೊದಲು ಒಂದು ರೂಪಾಯಿ

ಏನನ್ನೂ ಕೊಳ್ಳುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ. ಎಚ್‌ಒ ಅಳತೆಯ (ಮಾದರಿ ರೈಲಿನ ಒಂದು ಗಾತ್ರ) ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಒಂದು ರೂಪಾಯಿಯ ಸ್ಟೀಲ್ ನಾಣ್ಯ ಅದಕ್ಕಿಂತ ಅಗಲ. ಎಲ್ಲ ಲೋಕೋಗಳನ್ನು ತೆಗೆದಿಡಿ, ಕರೆಂಟು ಹಾಕಿ, ನಾಣ್ಯವನ್ನು ಎರಡು ಹಳಿಗೂ ತಾಗುವ ಹಾಗೆ ಇಡಿ. ಬೂಸ್ಟರ್, ಅಂದರೆ ಹಳಿಗೆ ಕರೆಂಟು ಕೊಡುವ ಪೆಟ್ಟಿಗೆ, ತಕ್ಷಣ ಟ್ರಿಪ್ ಆಗಬೇಕು. ಒಂದು ಕಡೆ ಆಯಿತು ಎಂದು ಬಿಡಬೇಡಿ. ಮೂಲೆ ಮೂಲೆಗೂ, ಸುರಂಗದೊಳಗೂ, ಯಾರ್ಡಿನ ಕೊನೆಯ ಹಳಿಯಲ್ಲೂ ಇಟ್ಟು ನೋಡಿ. ಕಾಸರಗೋಡಿನ ಹತ್ತಿರದ ಕಳನಾಡಿನ ರೈಲು ಸುರಂಗವನ್ನು ಮಾದರಿಯಲ್ಲಿ ಕಟ್ಟಿದವರಿದ್ದರೆ ಅದರ ಒಳಗೆ ಕೈ ಹೋಗುವಷ್ಟು ಜಾಗ ಬಿಟ್ಟಿದ್ದೀರಾ ಎಂದು ಈಗಲೇ ಗೊತ್ತಾಗುತ್ತದೆ. ಇನ್ನೂ ದೊಡ್ಡದಾದ ಜಿ ಅಳತೆಯ ಹಳಿಗೆ ನಾಣ್ಯ ಮುಟ್ಟುವುದಿಲ್ಲ, ಅಲ್ಲಿಗೆ ಸ್ಪ್ಯಾನರ್ ಬೇಕು.

ಟ್ರಿಪ್ ಆಗದಿದ್ದರೆ? ನಾಣ್ಯವನ್ನು ಇಕ್ಕಳದಲ್ಲಿ ತೆಗೆಯಿರಿ, ಕೈಯಲ್ಲಿ ಬೇಡ. ಅಲ್ಲಿ ನಡೆಯುತ್ತಿರುವುದು ಇಷ್ಟು: ವೈರು ತೆಳು, ಜಾಯಿನರ್ ಕಿಲುಬು, ಎಲ್ಲ ಸೇರಿ ದಾರಿಯಲ್ಲಿ 7 ಓಂ ತಡೆ ಇದೆ ಎಂದುಕೊಳ್ಳಿ. 14 ವೋಲ್ಟಿಗೆ 2 ಆಂಪಿಯರ್ ಮಾತ್ರ ಹರಿಯುತ್ತದೆ. ನಿಮ್ಮ ಬೂಸ್ಟರಿನ ಮಿತಿ 3 ಆಂಪಿಯರ್. ಅದಕ್ಕೆ ಇದು ಶಾರ್ಟ್ ಎಂದೇ ಅನ್ನಿಸುವುದಿಲ್ಲ, ಎರಡು ಮೂರು ಲೋಕೋ ಓಡುತ್ತಿರಬೇಕು ಎಂದುಕೊಂಡು ಕರೆಂಟು ಕೊಡುತ್ತಲೇ ಇರುತ್ತದೆ. 28 ವ್ಯಾಟ್ ಬಿಸಿ, ಅದರಲ್ಲಿ ಹೆಚ್ಚಿನದ್ದು ಆ ಕೆಟ್ಟ ಜಾಯಿಂಟಿನಲ್ಲೇ. ರೇಡಿಯೋ ರಿಪೇರಿಯವರು ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟ್. ಅದನ್ನು ಪ್ಲಾಸ್ಟಿಕ್ ಸ್ಲೀಪರ್ (ಹಳಿಯಡಿಯ ಅಡ್ಡಪಟ್ಟಿ) ಮೇಲೆ ಇಟ್ಟು ಮರೆತರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಸ್ಲೀಪರ್ ಕರಗುತ್ತದೆ, ಬೋಗಿಯ ಅಡಿಭಾಗ ಸೊಟ್ಟಗಾಗುತ್ತದೆ, ಕೆಳಗೆ ಥರ್ಮೋಕೋಲ್ ಗುಡ್ಡ ಇದ್ದರೆ ಅಪಾಯ ಬೇರೆ.

ಇದಕ್ಕೆ ಮದ್ದು ಬ್ರೇಕರ್ ಅಲ್ಲ, ವೈರು. ಲೇಔಟಿನ ಅಡಿಯಲ್ಲಿ ಓಡುವ ಮುಖ್ಯ ಬಸ್ ವೈರಿಗೆ ಮನೆ ವೈರಿಂಗಿನ 1.5 ಸ್ಕ್ವೇರ್ ವೈರೇ ಸಾಕು, ದೊಡ್ಡ ಲೇಔಟಿಗೆ 2.5. ಹತ್ತು ಮೀಟರ್ ದೂರಕ್ಕೆ, ಹೋಗಿ ಬರುವ ಎರಡೂ ಎಳೆ ಸೇರಿ, 1.5 ಸ್ಕ್ವೇರಿನಲ್ಲಿ ಕಾಲು ಓಮಿಗಿಂತ ಕಡಿಮೆ ತಡೆ. ಅದೇ ದೂರಕ್ಕೆ ಅರ್ಧ ಮಿಲಿಮೀಟರಿನ ಟೆಲಿಫೋನ್ ವೈರ್ ಎಳೆದರೆ ಒಂದೂಮುಕ್ಕಾಲು ಓಂ. 3 ಆಂಪಿಯರಿಗೆ ಐದು ವೋಲ್ಟು ದಾರಿಯಲ್ಲೇ ಹೋಯಿತು. ಬಸ್ಸಿನಿಂದ ಹಳಿಗೆ ಹೋಗುವ ಫೀಡರ್ ತೆಳುವಿದ್ದರೂ ನಡೆಯುತ್ತದೆ, ಒಂದಡಿಗಿಂತ ಉದ್ದ ಬೇಡ. ಮತ್ತೆ ಜಾಯಿನರನ್ನು ನಂಬಬೇಡಿ, ಪ್ರತಿ ಹಳಿಯ ತುಂಡಿಗೂ ಅದರದ್ದೇ ಫೀಡರ್ ಬೆಸುಗೆ ಹಾಕಿ. ನಾಣ್ಯ ಎಲ್ಲ ಕಡೆ ಪಾಸಾಗುವ ತನಕ ಮುಂದಿನದ್ದನ್ನು ಓದಿಯೂ ಪ್ರಯೋಜನ ಇಲ್ಲ.

ಬೂಸ್ಟರಿನೊಳಗೇ ಇರುವ ಕಾವಲು

ಒಳ್ಳೆಯ ಕಂಪನಿಯ ಡಿಸಿಸಿ (ಹಳಿಯ ಮೂಲಕವೇ ಸಂಕೇತ ಕಳಿಸಿ ಒಂದೊಂದು ಲೋಕೋವನ್ನು ಬೇರೆ ಬೇರೆಯಾಗಿ ಓಡಿಸುವ ಡಿಜಿಟಲ್ ವಿಧಾನ) ಸೆಟ್ಟುಗಳಲ್ಲಿ ಇದು ಇದ್ದೇ ಇರುತ್ತದೆ. ಮಿತಿ ಮೀರಿದರೆ ಕ್ಷಣದಲ್ಲಿ ಹಳಿಯ ಕರೆಂಟು ಕಡಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ನೋಡುತ್ತದೆ, ಇಲ್ಲವೇ ನೀವು ಬಟನ್ ಒತ್ತುವ ತನಕ ಕಾಯುತ್ತದೆ. ಬಾಕ್‌ಮನ್ನಿನ ಇ-ಜೆಡ್ ಕಮಾಂಡ್ 1 ಆಂಪಿಯರ್, ಎನ್‌ಸಿಇ ಪವರ್ ಕ್ಯಾಬ್ 2, ಡಿಜಿಟ್ರ್ಯಾಕ್ಸ್ ಜೆಫರ್ ಎಕ್ಸ್‌ಪ್ರೆಸ್ 3. ಒಬ್ಬರೇ ಓಡಿಸುವ ಒಂದು ಕೋಣೆಯ ಲೇಔಟಿಗೆ ಇದು ಧಾರಾಳ ಸಾಕು. ಶಾರ್ಟ್ ಮಾಡಿದವರೂ ನೀವೇ, ಸರಿಮಾಡುವವರೂ ನೀವೇ. ಅಷ್ಟು ಹೊತ್ತು ಎಲ್ಲ ರೈಲು ನಿಂತರೆ ಯಾರಿಗೇನು?

ತಂಟೆ ಶುರುವಾಗುವುದು ಎರಡನೆಯ ಮನುಷ್ಯ ಬಂದಾಗ. ಮಗ ಯಾರ್ಡಿನಲ್ಲಿ ಪಾಯಿಂಟ್ ಮರೆತ, ಅಪ್ಪ ಅತ್ತ ಕಷ್ಟಪಟ್ಟು ಏರಿಯಲ್ಲಿ ಹತ್ತಿಸುತ್ತಿದ್ದ ಗೂಡ್ಸ್ ನಿಂತಿತು. ನಿಜವಾದ ರೈಲಿನವರು ಇದಕ್ಕೇ 25 ಸಾವಿರ ವೋಲ್ಟಿನ ಮೇಲಿನ ತಂತಿಯನ್ನು ತುಂಡು ತುಂಡು ಸೆಕ್ಷನ್ ಮಾಡಿಟ್ಟಿರುವುದು. ಆಟಿಯ ಮಳೆಗೆ ಎಲ್ಲೋ ಕೊಂಬೆ ಬಿದ್ದರೆ ಆ ಸೆಕ್ಷನ್ನನ್ನು ಬೇರೆ ಮಾಡಿ ಉಳಿದದ್ದಕ್ಕೆ ಕರೆಂಟು ಕೊಡಬಹುದು. ಲೇಔಟಿನಲ್ಲೂ ಅದನ್ನೇ ಮಾಡುವುದು: ಎರಡೂ ಹಳಿಗೆ ಸಂದು ಕೊಯ್ದು, ಯಾರ್ಡ್ ಬೇರೆ, ಮೇನ್ ಲೈನ್ ಬೇರೆ ಎಂದು ಭಾಗ ಮಾಡಿ, ಪ್ರತಿ ಭಾಗಕ್ಕೆ ಅದರದ್ದೇ ಕಾವಲು ಇಡುವುದು. ಮುಂದೆ ಹೇಳುವ ಎಲ್ಲವೂ ಆ ಕಾವಲು ಯಾರಾಗಬೇಕು ಎನ್ನುವ ಲೆಕ್ಕ. ಅಲ್ಲಿ ನೋಡಬೇಕಾದದ್ದು ಒಂದೇ: ಭಾಗದ ಕಾವಲು ಬೂಸ್ಟರಿಗಿಂತ ಮೊದಲು ಎಚ್ಚರಗೊಳ್ಳುತ್ತದಾ?

ಗಾಜಿನ ಫ್ಯೂಸ್

ಹಳಿಗೆ ಫ್ಯೂಸ್ ಹಾಕುವವರು ಇನ್ನೂ ಇದ್ದಾರೆ. ಬೇಡ. 2 ಆಂಪಿಯರ್ ಎಂದು ಬರೆದ ಫ್ಯೂಸ್ 2 ಆಂಪಿಯರಿಗೆ ಹೋಗುವುದಿಲ್ಲ. ಬೇಗ ಹೋಗುವ ಎಫ್ ಗುರುತಿನ ಗಾಜಿನ ಫ್ಯೂಸಿಗೆ ಇರುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ, ಬರೆದದ್ದರ ಒಂದೂವರೆ ಪಟ್ಟು ಕರೆಂಟನ್ನು ಅದು ಒಂದು ಗಂಟೆ ತಡೆದುಕೊಳ್ಳಬೇಕು. ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಹರಿದರೂ ಅರ್ಧ ಗಂಟೆ ತೆಗೆದುಕೊಳ್ಳಬಹುದು. ಹತ್ತು ಪಟ್ಟು ಹರಿದರೆ ಮಾತ್ರ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ. 3 ಆಂಪಿಯರಿನ ಬೂಸ್ಟರಿನಲ್ಲಿ ಆ ಹತ್ತು ಪಟ್ಟು ಎಲ್ಲಿಂದ ಬರಬೇಕು? ಬೂಸ್ಟರ್ ಎಷ್ಟೋ ಮೊದಲೇ ಟ್ರಿಪ್ ಆಗಿರುತ್ತದೆ, ಫ್ಯೂಸ್ ಹಾಗೇ ಇರುತ್ತದೆ.

ಫ್ಯೂಸಿಗೆ ಸರಿಯಾದ ಜಾಗ ಇನ್ನೊಂದಿದೆ. ಈಗ ಎಲ್ಲರೂ ಎಲ್‌ಇಡಿ ಸ್ಟ್ರಿಪ್ಪಿಗೆ ಬರುವ 12 ವೋಲ್ಟ್, 10 ಅಥವಾ 20 ಆಂಪಿಯರಿನ ಎಸ್‌ಎಂಪಿಎಸ್ (ಪವರ್ ಸಪ್ಲೈ ಪೆಟ್ಟಿಗೆ) ತಂದು ಲೈಟು, ಸರ್ವೋ (ಪುಟ್ಟ ಮೋಟಾರು), ಪಾಯಿಂಟ್ ಮೋಟಾರು ಎಲ್ಲದಕ್ಕೂ ಕೊಡುತ್ತಾರೆ. ತೆಳು ವೈರು ಶಾರ್ಟ್ ಆದರೆ ಎಸ್‌ಎಂಪಿಎಸ್ಸಿಗೆ 10 ಆಂಪಿಯರ್ ದೊಡ್ಡ ವಿಷಯವೇ ಅಲ್ಲ, ವೈರಿನ ಪ್ಲಾಸ್ಟಿಕ್ ಸುಡುತ್ತದೆ. ಅದರ ಹೊರದಾರಿಯಲ್ಲಿ ಕಾರಿನ ಬ್ಲೇಡ್ ಫ್ಯೂಸ್ ಹಾಕಿ. ಹೋಲ್ಡರ್ ಸಮೇತ ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಬಣ್ಣ ನೋಡಿದರೆ ಎಷ್ಟು ಆಂಪಿಯರಿನದ್ದು ಎಂದು ತಿಳಿಯುತ್ತದೆ: ನೇರಳೆ 3, ತಿಳಿಕಂದು 5, ಕೆಂಪು 10. ಬೂಸ್ಟರಿಗೆ ಕರೆಂಟು ಕೊಡುವ ದಾರಿಯಲ್ಲೂ ಒಂದಿರಲಿ. ಬೂಸ್ಟರಿನೊಳಗಿನ ಕಾವಲೇ ಕೆಟ್ಟರೆ ಆಗ ಅದು ಕೆಲಸಕ್ಕೆ ಬರುತ್ತದೆ.

ಬ್ರೇಕ್ ಲೈಟಿನ ಬಲ್ಬ್

ಇದು ಹಳೆಯ ಉಪಾಯ. ನನಗೆ ಇಷ್ಟದ್ದು. ಅಮೆರಿಕದವರು 1156 ನಂಬರಿನ ಕಾರಿನ ಬಲ್ಬ್ ಎನ್ನುತ್ತಾರೆ. ನಮ್ಮಲ್ಲಿ ಅದರ ಜಾಗದಲ್ಲಿ 12 ವೋಲ್ಟ್, 21 ವ್ಯಾಟಿನ ಒಂದೇ ಫಿಲಮೆಂಟಿನ ಬಲ್ಬ್. ಅಂಗಡಿಯಲ್ಲಿ ಕೇಳುವಾಗ ಸ್ವಲ್ಪ ತಮಾಷೆ ಆಗುತ್ತದೆ.

"ಅಣ್ಣಾ, 21 ವ್ಯಾಟಿನ ಇಂಡಿಕೇಟರ್ ಬಲ್ಬ್ ನಾಲ್ಕು ಕೊಡಿ."

"ಯಾವ ಗಾಡಿಗೆ?"

"ರೈಲಿಗೆ."

"ರೈಲಿಗಾ? ಹೋಲ್ಡರ್ ಬೇಡವಾ ಮಾರಾಯ್ರೆ?"

ಹೋಲ್ಡರ್ ಬೇಕು, ತೆಗೆದುಕೊಳ್ಳಿ. ಬಲ್ಬಿಗೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಬಿಟ್ಟುಕೊಳ್ಳುತ್ತದೆ.

ಬಲ್ಬನ್ನು ಭಾಗದ ಒಂದು ವೈರಿಗೆ ಸೀರೀಸಿನಲ್ಲಿ ಜೋಡಿಸುವುದು. ತಣ್ಣಗಿರುವಾಗ ಫಿಲಮೆಂಟಿನ ತಡೆ ಅರ್ಧ ಓಮಿನ ಆಸುಪಾಸು. ಲೋಕೋ ಎಂದಿನಂತೆ ಓಡುತ್ತದೆ, ಬಲ್ಬ್ ಇದೆ ಎಂದೇ ತಿಳಿಯುವುದಿಲ್ಲ. ಶಾರ್ಟ್ ಆದ ಕೂಡಲೇ ಫಿಲಮೆಂಟು ಬಿಸಿಯಾಗುತ್ತದೆ, ತಡೆ 7 ಓಮಿನವರೆಗೆ ಏರುತ್ತದೆ, ಬಲ್ಬ್ ಝಗ್ಗನೆ ಹತ್ತುತ್ತದೆ. ಕರೆಂಟು 2 ಆಂಪಿಯರಿನ ಒಳಗೆ ನಿಲ್ಲುತ್ತದೆ. ಬೂಸ್ಟರಿನ ಮಿತಿ 5 ಇದ್ದರೆ ಅದು ಟ್ರಿಪ್ ಆಗುವುದಿಲ್ಲ, ಉಳಿದ ಭಾಗದ ರೈಲುಗಳು ಓಡುತ್ತಲೇ ಇರುತ್ತವೆ. ಯಾವ ಬಲ್ಬ್ ಹತ್ತಿದೆಯೋ ಆ ಭಾಗದಲ್ಲಿ ಶಾರ್ಟ್. ಮೀಟರ್ ಬೇಡ, ಆ್ಯಪ್ ಬೇಡ. ಹಳೆಯ ಟಿವಿ ರಿಪೇರಿ ಅಂಗಡಿಗಳಲ್ಲಿ ಸೀರೀಸ್ ಬೋರ್ಡ್ ಎಂದು ಇರುತ್ತಿತ್ತಲ್ಲ, ಅದರ ತಮ್ಮ ಇದು.

ಈಗ ತೊಂದರೆಗಳು. ಬಲ್ಬ್ ಕರೆಂಟನ್ನು ಕಡಿಯುವುದಿಲ್ಲ, ಕಡಿಮೆ ಮಾಡುತ್ತದೆ ಅಷ್ಟೇ. ನೀವು ಚಹಾ ಕುಡಿಯಲು ಹೋದರೆ ಅಷ್ಟು ಹೊತ್ತೂ ಸುಮಾರು 1.9 ಆಂಪಿಯರ್ ಶಾರ್ಟಿನ ಮೂಲಕ ಹೋಗುತ್ತಲೇ ಇರುತ್ತದೆ. ಶಾರ್ಟ್ ಲೋಕೋದ ಒಳಗಿನ ಕೂದಲೆಳೆಯಂಥ ವೈರಿನ ಮೂಲಕ ಆಗಿದ್ದರೆ ಆ ವೈರು ಬಿಸಿಯಾಗುತ್ತದೆ. ಇನ್ನು ಬಲ್ಬ್ ತಾನೇ 25 ವ್ಯಾಟಿನಷ್ಟು ಬಿಸಿ ಕಕ್ಕುತ್ತದೆ. ಥರ್ಮೋಕೋಲ್, ಸ್ಪಂಜಿನ ಮರ, ಒಣಗಿಸಿದ ಹುಲ್ಲಿನ ಹತ್ತಿರ ಇಡಲೇಬೇಡಿ. ಮೇಜಿನ ಎದುರಿನ ಹಲಗೆಯಲ್ಲಿ, ಕಣ್ಣಿಗೆ ಬೀಳುವ ಹಾಗೆ, ಗಾಳಿಯಾಡುವ ಕಡೆ ಇರಲಿ.

ಇನ್ನೊಂದು ಲೆಕ್ಕ. ನಿಮ್ಮ ಬೂಸ್ಟರ್ 2 ಆಂಪಿಯರಿನದ್ದಾದರೆ 21 ವ್ಯಾಟಿನ ಬಲ್ಬ್ ಕೆಲಸಕ್ಕೆ ಬಾರದು. ಬಲ್ಬಿಗೇ 1.9 ಹೋದರೆ ಉಳಿದ ಲೋಕೋಗಳಿಗೆ ಏನು ಉಳಿಯಿತು? ಒಟ್ಟು ಮಿತಿ ಮೀರಿ ಬೂಸ್ಟರ್ ಹೇಗೂ ಟ್ರಿಪ್. ಬೈಕಿನ 10 ವ್ಯಾಟ್ ಇಂಡಿಕೇಟರ್ ಬಲ್ಬ್ ಹಾಕಿದರೆ ಕರೆಂಟು 0.9ರ ಹತ್ತಿರ ನಿಲ್ಲುತ್ತದೆ. ಆದರೆ ಶಬ್ದ ಮಾಡುವ ಎರಡು ಲೋಕೋ ಒಟ್ಟಿಗೆ ಓಡಿದರೆ ಆ ಬಲ್ಬೇ ಮಂಕಾಗಿ ಹತ್ತಲು ಶುರುಮಾಡುತ್ತದೆ, ರೈಲು ನಿಧಾನವಾಗುತ್ತದೆ. ಒಂದು ಲೋಕೋ ಮಾತ್ರ ಇರುವ ಸಣ್ಣ ಯಾರ್ಡಿಗೆ ಪರವಾಗಿಲ್ಲ.

ಬಲ್ಬನ್ನೂ ಬ್ರೇಕರನ್ನೂ ಒಂದರ ಹಿಂದೆ ಒಂದು ಹಾಕುವವರಿದ್ದಾರೆ, ಎರಡು ಕಾವಲು ಒಳ್ಳೆಯದಲ್ಲವೇ ಎಂದು. ಬಲ್ಬ್ ಕರೆಂಟನ್ನು ತಗ್ಗಿಸುವುದರಿಂದ ಬ್ರೇಕರಿಗೆ ಶಾರ್ಟ್ ಕಾಣಿಸುವುದೇ ಇಲ್ಲ. ಎರಡರಲ್ಲಿ ಒಂದು ಹಾಕಿ.

ಪಾಲಿಫ್ಯೂಸ್

ಹಳದಿ ಬಿಲ್ಲೆಯ ಹಾಗಿರುವ, ತಾನೇ ಸರಿಹೋಗುವ ಫ್ಯೂಸ್. ಬಿಸಿಯಾದರೆ ತಡೆ ಏರುತ್ತದೆ, ತಣ್ಣಗಾದರೆ ಇಳಿಯುತ್ತದೆ. ಅಗ್ಗ, ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ಅದಕ್ಕೆ ಎರಡು ಅಂಕಿಗಳ ಲೆಕ್ಕ ಇರುತ್ತದೆ: ತಡೆದುಕೊಳ್ಳುವ ಕರೆಂಟು, ಟ್ರಿಪ್ ಆಗುವ ಕರೆಂಟು. ಎರಡನೆಯದು ಸಾಮಾನ್ಯವಾಗಿ ಮೊದಲನೆಯದರ ಎರಡು ಪಟ್ಟು. ನಡುವೆ ಇದ್ದರೆ ಏನಾಗುತ್ತದೆಂದು ಯಾರೂ ಹೇಳಲಾರರು.

ಡಿಸಿಸಿ ಹಳಿಗೆ ಇದು ತೀರಾ ನಿಧಾನ. ಟ್ರಿಪ್ ಆಗಲು ಸೆಕೆಂಡುಗಳು ಬೇಕು, ಬೂಸ್ಟರಿಗೆ ಮಿಲಿಸೆಕೆಂಡು ಸಾಕು. ಮತ್ತೆ ಅದರ ಮೇಲೆ ಬರೆದ ಅಂಕಿ 20–25 ಡಿಗ್ರಿಯ ತಂಪಿನದ್ದು. ಏಪ್ರಿಲಿನ ಮಧ್ಯಾಹ್ನ ಹಂಚಿನಡಿಯ ಅಟ್ಟದಲ್ಲಿ 40 ಡಿಗ್ರಿ ಇರುವಾಗ ಅದು ಹತ್ತನೇ ಒಂದು ಭಾಗಕ್ಕಿಂತಲೂ ಜಾಸ್ತಿ ಕೈಕೊಡುತ್ತದೆ, ಶಾರ್ಟೇ ಇಲ್ಲದೆ ಟ್ರಿಪ್ ಆಗುತ್ತದೆ. ಒಮ್ಮೆ ಟ್ರಿಪ್ ಆದ ಮೇಲೆ ಅದರ ತಡೆ ತಕ್ಷಣ ಮೊದಲಿನಷ್ಟಕ್ಕೆ ಇಳಿಯುವುದೂ ಇಲ್ಲ.

ಆದರೆ ಲೈಟಿನ ಲೈನಿಗೆ, ಸ್ಟೇಷನ್ ದೀಪಗಳಿಗೆ, 5 ವೋಲ್ಟಿನ ಸರ್ವೋಗಳಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಒಂದೊಂದು ಕವಲಿಗೆ ಒಂದೊಂದು ಹಾಕಿಬಿಡಿ. ಡಿಸಿಸಿ ಇಲ್ಲದ, ಹಳೆಯ ಕಾಲದ ಡಿಸಿ ಕಂಟ್ರೋಲರಿನ ಲೇಔಟಿಗೂ ನಡೆಯುತ್ತದೆ.

ಎಲೆಕ್ಟ್ರಾನಿಕ್ ಬ್ರೇಕರ್

ದುಡ್ಡು ಬಿಚ್ಚುವುದಾದರೆ ಇಲ್ಲಿ ಬಿಚ್ಚಿ. ಬೂಸ್ಟರಿಗೂ ಭಾಗಕ್ಕೂ ನಡುವೆ ಕೂರುವ ಪುಟ್ಟ ಬೋರ್ಡ್. ಮಿಲಿಸೆಕೆಂಡುಗಳಲ್ಲಿ ಆ ಭಾಗವನ್ನು ಮಾತ್ರ ಕಡಿಯುತ್ತದೆ, ಆಗಾಗ ಮತ್ತೆ ಹಾಕಿ ನೋಡುತ್ತದೆ, ಶಾರ್ಟ್ ಹೋಗಿದ್ದರೆ ತಾನೇ ಸರಿಯಾಗುತ್ತದೆ. ಬಲ್ಬಿನ ಹಾಗೆ ಶಾರ್ಟಿಗೆ ಉಣಿಸುತ್ತಾ ಕೂರುವುದಿಲ್ಲ.

ಹೆಚ್ಚು ಬಳಕೆಯಲ್ಲಿರುವವು ಮೂರು: ಎನ್‌ಸಿಇಯ ಇಬಿ1, ಡಿಜಿಟ್ರ್ಯಾಕ್ಸಿನ ಪಿಎಂ42 ಮತ್ತು ಪಿಎಂ74, ಡಿಸಿಸಿ ಸ್ಪೆಷಾಲಿಟೀಸಿನ ಪಿಎಸ್‌ಎಕ್ಸ್. ಇಬಿ1 ಒಂದು ಭಾಗಕ್ಕೆ, ಡಿಜಿಟ್ರ್ಯಾಕ್ಸಿನವು ನಾಲ್ಕು ಭಾಗಕ್ಕೆ, ಪಿಎಸ್‌ಎಕ್ಸ್ ಒಂದರಿಂದ ನಾಲ್ಕರವರೆಗೆ ಬೇಕಾದ ಹಾಗೆ. ಪಿಎಂ42ರಲ್ಲಿ ಕಡಿಯುವುದು ರಿಲೇ, ಟಕ್ ಎಂದು ಕೇಳಿಸುತ್ತದೆ. ಪಿಎಸ್‌ಎಕ್ಸಿನಲ್ಲಿ ಟ್ರಾನ್ಸಿಸ್ಟರ್, ಅದಕ್ಕೇ ಅದು ಚುರುಕು.

ಕೊಳ್ಳುವಾಗ ಜನ ಎಡವುವುದು ಬ್ರ್ಯಾಂಡಿನಲ್ಲಿ ಅಲ್ಲ, ಮಿತಿಯಲ್ಲಿ. ಬ್ರೇಕರಿನ ಮಿತಿ ಬೂಸ್ಟರಿನದ್ದಕ್ಕಿಂತ ಚೆನ್ನಾಗಿ ಕೆಳಗಿರಬೇಕು. ಇಬಿ1ರ ಕನಿಷ್ಠ ಮಿತಿ 2.5 ಆಂಪಿಯರ್. ಅದನ್ನು 2 ಆಂಪಿಯರಿನ ಪವರ್ ಕ್ಯಾಬಿಗೆ ಹಾಕಿದರೆ ಬೂಸ್ಟರೇ ಮೊದಲು ಬೀಳುತ್ತದೆ, ಬ್ರೇಕರಿಗೆ ಕೊಟ್ಟ ದುಡ್ಡು ನೀರಿಗೆ. ಪಿಎಸ್‌ಎಕ್ಸನ್ನು ಜಂಪರ್ ಹಾಕಿ 1.27ರವರೆಗೆ ಇಳಿಸಬಹುದು, ಸಣ್ಣ ಸೆಟ್ಟಿಗೂ ಹೊಂದುತ್ತದೆ. 5 ಆಂಪಿಯರಿನ ಬೂಸ್ಟರಿದ್ದರೆ 3ರ ಸುತ್ತ ಇಟ್ಟುಕೊಳ್ಳಿ.

ಮಿತಿ ಸರಿಯಿದ್ದೂ ಬೂಸ್ಟರ್ ಮೊದಲು ಬಿದ್ದರೆ ವಿಷಯ ಸಮಯದ್ದು. ಕೆಲವು ಬೂಸ್ಟರುಗಳಲ್ಲಿ ಟ್ರಿಪ್ ಆಗುವ ಮೊದಲು ಕಾಯುವ ಹೊತ್ತನ್ನು ಹೆಚ್ಚಿಸಬಹುದು. ಸ್ವಲ್ಪ ಹೆಚ್ಚಿಸಿ, ನಾಣ್ಯ ಇಟ್ಟು ನೋಡಿ. ಇದರ ಉಲ್ಟಾ ತೊಂದರೆಯೂ ಉಂಟು. ಸೌಂಡ್ ಡಿಕೋಡರುಗಳಲ್ಲಿ ದೊಡ್ಡ ಕೆಪಾಸಿಟರ್ ಇರುತ್ತದೆ. ಯಾರ್ಡಿನಲ್ಲಿ ಆರೇಳು ಸೌಂಡ್ ಲೋಕೋ ನಿಂತಿವೆ, ಕರೆಂಟು ಬಂದ ಕೂಡಲೇ ಎಲ್ಲ ಕೆಪಾಸಿಟರುಗಳೂ ಒಟ್ಟಿಗೆ ಎಳೆಯುತ್ತವೆ. ಬ್ರೇಕರಿಗೆ ಅದು ಶಾರ್ಟಿನ ಹಾಗೇ ಕಾಣುತ್ತದೆ, ಹಾಕುತ್ತದೆ, ಕಡಿಯುತ್ತದೆ, ಹಾಕುತ್ತದೆ, ಕಡಿಯುತ್ತದೆ. ಹೊಸ ಬ್ರೇಕರುಗಳಲ್ಲಿ ಇದಕ್ಕೆ ದಾರಿ ಇದೆ. ಇಲ್ಲದಿದ್ದರೆ ಯಾರ್ಡಿನ ಹಳಿಗಳಿಗೆ ಒಂದೊಂದು ಸ್ವಿಚ್ ಇಟ್ಟು, ಬೇಕಾದ ಲೋಕೋಗೆ ಮಾತ್ರ ಕರೆಂಟು ಕೊಡಿ. ಅಗ್ಗದ ಮದ್ದು ಅದೇ.

ಭಾಗಕ್ಕೊಂದು ಬೂಸ್ಟರ್ ಇಡುವುದು ಇನ್ನೊಂದು ದಾರಿ. ಐದಾರು ಮಂದಿ ಸೇರಿ ಓಡಿಸುವ ದೊಡ್ಡ ಲೇಔಟಿಗೆ ಸರಿ. ಶಾರ್ಟಿಗಾಗಿ ಮಾತ್ರ ಬೂಸ್ಟರ್ ಕೊಳ್ಳಬೇಡಿ, ಕರೆಂಟು ಸಾಲದಾಗ ಕೊಳ್ಳಿ.

ಮನೆಯಲ್ಲೇ ಕಟ್ಟಿದವರಿಗೆ

ನಮ್ಮ ಕಡೆಯ ಹುಡುಗರಲ್ಲಿ ಆರ್ಡುಯಿನೊ (ಪುಟ್ಟ ಕಂಪ್ಯೂಟರ್ ಬೋರ್ಡ್) ಹಾಕಿ ಡಿಸಿಸಿ-ಇಎಕ್ಸ್ (ಮನೆಯಲ್ಲೇ ಕಟ್ಟುವ ಡಿಸಿಸಿ ವ್ಯವಸ್ಥೆ) ಕಟ್ಟುವವರು ಜಾಸ್ತಿ. ಒಳ್ಳೆಯದೇ. ಅಪಾಯ ಇರುವುದು ಮೋಟಾರ್ ಡ್ರೈವರ್ ಬೋರ್ಡಿನಲ್ಲಿ. ಎಲ್ಲ ಕಡೆ ಸಿಗುವ ಎಲ್298ಎನ್ ಕೆಂಪು ಬೋರ್ಡಿನ ಚಿಪ್ಪಿಗೆ ಜಾಸ್ತಿ ಬಿಸಿಯಾದರೆ ನಿಲ್ಲುವ ಗುಣ ಉಂಟು, ಶಾರ್ಟ್ ಆದಾಗ ಕರೆಂಟು ಮಿತಿ ಮಾಡುವ ಗುಣ ಇಲ್ಲ. ಆ ಬೋರ್ಡಿನಲ್ಲಿ ಕರೆಂಟು ಅಳೆಯುವ ಏರ್ಪಾಡನ್ನೂ ಬಿಟ್ಟಿರುತ್ತಾರೆ. ಆರ್ಡುಯಿನೊಗೆ ಶಾರ್ಟ್ ಆದದ್ದೇ ತಿಳಿಯುವುದಿಲ್ಲ, ತಿಳಿದರೆ ತಾನೇ ಕಡಿಯುವುದು? ಕರೆಂಟು ಅಳೆಯುವ ಪಿನ್ ಇರುವ ಮೋಟಾರ್ ಶೀಲ್ಡನ್ನೇ ತನ್ನಿ.

"ಹಾಗಾದರೆ ಬಿಟಿಎಸ್7960 ಹಾಕುತ್ತೇನೆ, ಅದರಲ್ಲಿ ಕಾವಲು ಒಳಗೇ ಇದೆಯಲ್ಲ" ಎನ್ನುತ್ತಾರೆ. ಇದೆ, 43 ಆಂಪಿಯರಿಗೆ. ಅಷ್ಟು ಹರಿದರೆ ಲೋಕೋ ಎಲ್ಲಿದೆ ಎಂದು ಹುಡುಕಬೇಕಾದೀತು. ಆ ಬೋರ್ಡಿನಲ್ಲೂ ಕರೆಂಟು ಹೇಳುವ ಪಿನ್ನನ್ನು ಆರ್ಡುಯಿನೊಗೆ ಜೋಡಿಸಲೇಬೇಕು. ಹೊಸ ಬೋರ್ಡನ್ನು ಮೊದಲ ಸಲ ಎಬ್ಬಿಸುವಾಗ ಎಸ್‌ಎಂಪಿಎಸ್ಸಿಗೂ ಬೋರ್ಡಿಗೂ ನಡುವೆ ಆ 21 ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿಡಿ. ತಪ್ಪು ವೈರಿಂಗ್ ಆಗಿದ್ದರೆ ಬಲ್ಬ್ ಹತ್ತುತ್ತದೆ, ಬೋರ್ಡ್ ಉಳಿಯುವ ಸಾಧ್ಯತೆ ಜಾಸ್ತಿ.

ಯಾರಿಗೆ ಯಾವುದು

ನಾಲ್ಕಡಿ ಎಂಟಡಿ ಪ್ಲೈವುಡ್ಡಿನ ಮೇಲೆ ಒಂದು ಸುತ್ತು, ಒಂದೆರಡು ಲೋಕೋ ಇರುವವರು ಏನೂ ಕೊಳ್ಳಬೇಡಿ. ವೈರು ದಪ್ಪ ಮಾಡಿ, ನಾಣ್ಯ ಇಟ್ಟು ನೋಡಿ, ಲೈಟಿನ ಲೈನಿಗೆ ಪಾಲಿಫ್ಯೂಸ್ ಹಾಕಿ, ಓಡಿಸಿ.

ಒಂದು ಕೋಣೆ, ಯಾರ್ಡ್ ಒಂದು, ಮನೆಯವರು ಇಬ್ಬರು ಓಡಿಸುತ್ತೀರಿ, ಬೂಸ್ಟರ್ 3 ಆಂಪಿಯರಿನದ್ದು. ಯಾರ್ಡನ್ನು ಬೇರೆ ಮಾಡಿ. ಈಗ ದುಡ್ಡಿಲ್ಲದಿದ್ದರೆ ಯಾರ್ಡಿಗೆ 21 ವ್ಯಾಟಿನ ಬಲ್ಬ್, ಮೇನ್ ಲೈನಿಗೆ ಬೂಸ್ಟರಿನ ಕಾವಲು. ಯಾರ್ಡಿನಲ್ಲಿ ಶಾರ್ಟ್ ಇರುವಾಗ ಮೇನ್ ಲೈನಿಗೆ 1 ಆಂಪಿಯರ್ ಉಳಿಯುತ್ತದೆ, ಎರಡು ಲೋಕೋ ಓಡಬಹುದು. ದುಡ್ಡಿದ್ದರೆ ಬಲ್ಬಿನ ಜಾಗಕ್ಕೆ ಬ್ರೇಕರ್, 2 ಆಂಪಿಯರಿನೊಳಗಿನ ಮಿತಿಗೆ.

ಬೂಸ್ಟರ್ 5 ಅಥವಾ 8 ಆಂಪಿಯರಿನದ್ದಾದರೆ ಯೋಚನೆಯೇ ಬೇಡ, ಬ್ರೇಕರ್ ಬೇಕೇ ಬೇಕು. ಒಂದೇ ಲೋಕೋದ ಒಳಗಿನ ವೈರಿಗೆ 5 ಆಂಪಿಯರ್ ಅಂದರೆ ವೆಲ್ಡಿಂಗೇ. ಎನ್ ಅಳತೆಯ ಸಣ್ಣ ಲೋಕೋಗಳಿರುವವರು ದೊಡ್ಡ ಬೂಸ್ಟರ್ ಇಟ್ಟುಕೊಂಡಿದ್ದರೆ ಇನ್ನೂ ಹುಷಾರು.

ಯಾವ ಬ್ರೇಕರೂ ಕಾಯದ ಶಾರ್ಟ್

ಮೇಲೆ ಹೇಳಿದ್ದೆಲ್ಲ ಹಳಿಯ ಶಾರ್ಟಿಗೆ. ಲೋಕೋ ಒಳಗೆ ಮೋಟಾರಿನ ಬ್ರಷ್ ಲೋಹದ ಫ್ರೇಮಿಗೆ ಮುಟ್ಟಿಕೊಂಡಿದ್ದರೆ ಕರೆಂಟು ಡಿಕೋಡರಿನ ಮೂಲಕವೇ ಹೋಗುತ್ತದೆ. ಎಚ್‌ಒ ಡಿಕೋಡರ್ ಸಾಮಾನ್ಯವಾಗಿ 1 ಆಂಪಿಯರಿನದ್ದು. ಬ್ರೇಕರ್ 2 ಆಂಪಿಯರಿಗೆ ಎಚ್ಚರಗೊಳ್ಳುವಷ್ಟರಲ್ಲಿ ಡಿಕೋಡರಿನ ಕಥೆ ಮುಗಿದಿರುತ್ತದೆ. ಹಳೆಯ ಡಿಸಿ ಲೋಕೋಗೆ ಡಿಕೋಡರ್ ಕೂರಿಸುವವರಿಗೆ ಇದು ಜಾಸ್ತಿ.

ಇದಕ್ಕೆ ದುಡ್ಡು ಖರ್ಚಿಲ್ಲದ ಕಾವಲು ಎರಡಿವೆ. ಡಿಕೋಡರ್ ಹಾಕುವ ಮೊದಲು ಮಲ್ಟಿಮೀಟರನ್ನು ಬೀಪ್ ಮಾಡುವ ಕಡೆಗೆ ತಿರುಗಿಸಿ, ಮೋಟಾರಿನ ಎರಡು ಬ್ರಷ್ಷಿನಿಂದ ಫ್ರೇಮಿಗೆ, ಚಕ್ರಕ್ಕೆ ಮುಟ್ಟಿಸಿ ನೋಡಿ. ಬೀಪ್ ಎಂದರೆ ಅಲ್ಲೇ ನಿಲ್ಲಿಸಿ. ಡಿಕೋಡರ್ ಹಾಕಿದ ಮೇಲೆ ನೇರ ಮೇನ್ ಲೈನಿಗೆ ಇಡಬೇಡಿ, ಪ್ರೋಗ್ರಾಮಿಂಗ್ ಟ್ರ್ಯಾಕಿನಲ್ಲಿಡಿ, ಅಂದರೆ ಡಿಕೋಡರಿನ ಸೆಟ್ಟಿಂಗ್ ಓದಿ ಬದಲಿಸಲು ಇರುವ ಬೇರೆ ಹಳಿಯಲ್ಲಿ. ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ನಿಯಮದಂತೆ ಅಲ್ಲಿ ಕರೆಂಟನ್ನು 250 ಮಿಲಿಆಂಪಿಯರಿಗೆ ಮಿತಿ ಮಾಡಿರುತ್ತಾರೆ. ಡಿಕೋಡರಿನ ಅಡ್ರೆಸ್ (ಅದರ ನಂಬರ್) ಓದಿದರೆ ವೈರಿಂಗ್ ಬಹುತೇಕ ಸರಿ. ಓದದಿದ್ದರೆ ತಪ್ಪಿದೆ, ಆದರೆ ಡಿಕೋಡರ್ ಹೆಚ್ಚಾಗಿ ಬದುಕಿರುತ್ತದೆ.

ಉದ್ದ ಲೇಔಟಿನವರಿಗೆ ಒಂದು ಮಾತು. ಶಾರ್ಟ್ ಬಿಟ್ಟ ಕ್ಷಣದಲ್ಲಿ ಉದ್ದದ ಬಸ್ ವೈರಿನಲ್ಲಿ ವೋಲ್ಟೇಜು ಒಮ್ಮೆಲೇ ಚಿಮ್ಮುತ್ತದೆ, ಡಿಕೋಡರಿಗೆ ಅದೂ ಕೆಟ್ಟದ್ದು. ಎರಡು ಬಸ್ ವೈರುಗಳನ್ನು ಒಂದಕ್ಕೊಂದು ಸುತ್ತಿ ಎಳೆಯಿರಿ. ಹತ್ತು ಮೀಟರ್ ದಾಟಿದ ಬಸ್ಸಿನ ಕೊನೆಯಲ್ಲಿ ಎರಡು ವೈರಿನ ನಡುವೆ 100 ಓಮಿನ 2 ವ್ಯಾಟ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೀರೀಸಿನಲ್ಲಿ ಹಾಕಿ. ರೆಸಿಸ್ಟರ್ ಸ್ವಲ್ಪ ಬೆಚ್ಚಗಾಗುತ್ತದೆ, ಗಾಬರಿ ಬೇಡ.

ರಿವರ್ಸಿಂಗ್ ಲೂಪ್ ಇರುವವರು ಆಟೋ ರಿವರ್ಸರ್ ಹಾಕುತ್ತಾರಲ್ಲ, ಅದು ಶಾರ್ಟ್ ನೋಡಿಯೇ ಹಳಿಯ ಕರೆಂಟಿನ ದಿಕ್ಕು ಬದಲಿಸುವುದು. ಅದರ ಮಿತಿ ಬ್ರೇಕರಿಗಿಂತಲೂ ಕೆಳಗಿರಬೇಕು, ಬ್ರೇಕರಿನದ್ದು ಬೂಸ್ಟರಿಗಿಂತ ಕೆಳಗೆ. ಲೂಪಿನ ಉದ್ದ ನಿಮ್ಮ ಅತಿ ಉದ್ದದ ರೈಲಿಗಿಂತ ಜಾಸ್ತಿ ಇರಲಿ. ಇಲ್ಲದಿದ್ದರೆ ಲೋಹದ ಚಕ್ರದ ಬೋಗಿಗಳು ಎರಡೂ ತುದಿಯ ಸಂದನ್ನು ಒಟ್ಟಿಗೆ ದಾಟುವಾಗ ರಿವರ್ಸರ್ ಅತ್ತಿತ್ತ ತಿರುಗಿಸುತ್ತಾ ಕೊನೆಗೆ ಕೈಚೆಲ್ಲುತ್ತದೆ.